ದ್ವೀಪದಿಂದ ದ್ವೀಪಕ್ಕೆ: ಒಂದು ಹಗಲಿನ ಅಳತೆ

ನಮ್ಮ ಹಿರಿಯರು ದಾರಿಯ ಉದ್ದವನ್ನು ಹೇಳುವಾಗ ಬಳಸುತ್ತಿದ್ದ ಮಾತುಗಳನ್ನು ನೆನೆದುಕೊಂಡರೆ, ದೂರವೆಂಬುದನ್ನು ಅವರು ನಡೆಯುವವನ ಬಾಳಿನ ಒಂದು ಭಾಗವನ್ನಾಗಿಯೇ ಎಣಿಸುತ್ತಿದ್ದರೆಂಬುದು ಮನವರಿಕೆಯಾಗುತ್ತದೆ. ಹತ್ತಿರದ ಊರು ಕೂಗಳತೆಯಲ್ಲಿತ್ತು. ಅದಕ್ಕಿಂತ ಆಚೆಯದು ಹರದಾರಿಯ ಲೆಕ್ಕಕ್ಕೂ, ಇನ್ನೂ ಆಚೆಯದು ಗಾವುದದ ಲೆಕ್ಕಕ್ಕೂ ಸೇರುತ್ತಿತ್ತು. ಆದರೆ ಈ ಎಲ್ಲ ಅಳತೆಗಳ ಬೆನ್ನಿಗೆ, ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟವನು ದೀಪ ಹಚ್ಚುವ ಹೊತ್ತಿಗೆ ಮರಳಿಯಾನೆ, ಇಲ್ಲವೆ ಬುತ್ತಿ ಬಿಚ್ಚಿ ಯಾವುದಾದರೂ ಛತ್ರದಲ್ಲಿ ರಾತ್ರಿಯನ್ನು ಕಳೆಯಬೇಕಾದೀತೆ ಎಂಬ ಪ್ರಶ್ನೆಯೊಂದು ಸದಾ ಇರುತ್ತಿತ್ತು. ಇಂದು ಆ ಪ್ರಶ್ನೆಯ ಸ್ಥಾನದಲ್ಲಿ ಎರಡು ಸಂಖ್ಯೆಗಳು ಬಂದು ಕುಳಿತಿವೆ: ಇಷ್ಟು ಕಿಲೋಮೀಟರು, ಇಷ್ಟು ನಿಮಿಷ. ಎರಡು ವಿಮಾನನಿಲ್ದಾಣಗಳ ಹೆಸರನ್ನು ಕೊಟ್ಟರೆ ಸಾಕು, ಕ್ಷಣಮಾತ್ರದಲ್ಲಿ ಯಂತ್ರವು ಅವನ್ನು ನಮ್ಮ ಮುಂದಿಡುತ್ತದೆ. ಆ ಸಂಖ್ಯೆಗಳು ಸುಳ್ಳಲ್ಲ. ಆದರೆ ಸಮುದ್ರದ ನಡುವೆ ಬದುಕುವ ಜನರ ವಿಷಯದಲ್ಲಿ ಅವು ಅಪೂರ್ಣವಾದುವು. ಆ ಅಪೂರ್ಣತೆಯನ್ನರಿಯದೆ ಅವನ್ನೇ ನೆಚ್ಚಿ ಸಾರಿಗೆಯ ನೀತಿಯನ್ನು ರೂಪಿಸಹೊರಟಲ್ಲಿ ದ್ವೀಪವಾಸಿಗಳಿಗೆ ಅನ್ಯಾಯವಾಗದಿರದು. ಈ ಮಾತನ್ನು ಮೆಡಿಟರೇನಿಯನ್ ಸಮುದ್ರದ ಎರಡು ದ್ವೀಪಗಳ ನಿದರ್ಶನದಿಂದ ಓದುಗರ ಮುಂದಿಡಲು ಬಯಸುತ್ತೇನೆ.

ಆ ಸಮುದ್ರದ ಪಶ್ಚಿಮ ಭಾಗದಲ್ಲಿ, ಸ್ಪೇನ್ ದೇಶದ ಪೂರ್ವ ಕರಾವಳಿಗೆ ಎದುರಾಗಿ ಹರಡಿರುವ ಬಾಲೆಯಾರಿಕ್ ದ್ವೀಪಸಮೂಹದಲ್ಲಿ ಮುಖ್ಯವಾದ ದ್ವೀಪಗಳು ನಾಲ್ಕು: ಮಯೋರ್ಕಾ, ಮೆನೋರ್ಕಾ, ಇಬೀಜಾ ಮತ್ತು ಫಾರ್ಮೆಂಟೇರಾ. ಕೊನೆಯದಕ್ಕೆ ವಿಮಾನನಿಲ್ದಾಣವಿಲ್ಲ, ಹೆಚ್ಚಾಗಿ ಇಬೀಜಾದಿಂದ ಹೊರಡುವ ಹಡಗೇ ಅದಕ್ಕೆ ಗತಿ. ಮಯೋರ್ಕಾದ ರಾಜಧಾನಿಯಾದ ಪಾಲ್ಮಾ ನಗರದ ವಿಮಾನನಿಲ್ದಾಣವು ಮೆಡಿಟರೇನಿಯನ್ ದ್ವೀಪಗಳಲ್ಲೆಲ್ಲ ಅತ್ಯಂತ ದಟ್ಟಣೆಯದು. ವರ್ಷಕ್ಕೆ 3 ಕೋಟಿಗೂ ಮಿಕ್ಕ ಪ್ರಯಾಣಿಕರು ಅದರ ಮೂಲಕ ಹಾದುಹೋಗುತ್ತಾರೆ. ಇಬೀಜಾದ ನಿಲ್ದಾಣ ಅದಕ್ಕಿಂತ ಬಹಳ ಚಿಕ್ಕದಾದರೂ, ಒಂದೂವರೆ ಲಕ್ಷಕ್ಕೆ ಸ್ವಲ್ಪ ಮಿಕ್ಕ ಜನರಿರುವ ಆ ದ್ವೀಪಕ್ಕೆ ಬಂದುಹೋಗುವವರ ಸಂಖ್ಯೆ ವರ್ಷಕ್ಕೆ ಸುಮಾರು 90 ಲಕ್ಷದಷ್ಟಿದೆ. ಈ ಜನಪ್ರವಾಹದ ಬಹುಪಾಲು ಬೇಸಗೆಯ ಪ್ರವಾಸಿಗಳದು. ನಾನು ಹೇಳಹೊರಟಿರುವುದು ಅವರ ಮಾತನ್ನಲ್ಲ. ಪ್ರವಾಸಿಗಳು ಊರಿಗೆ ಮರಳಿದ ಮೇಲೆಯೂ ಆ ನೆಲದಲ್ಲಿಯೇ ಉಳಿದು, ಮಾಗಿಯ ಮಳೆಗಾಳಿಯಲ್ಲಿಯೂ ಒಂದು ದ್ವೀಪದಿಂದ ಇನ್ನೊಂದಕ್ಕೆ ಕಾರ್ಯಾರ್ಥವಾಗಿ ಹೋಗಿಬರಬೇಕಾದ ಮಂದಿಯ ಮಾತನ್ನು.

ಮೊದಲು ದೂರವನ್ನು ನೋಡೋಣ. ಭೂಮಿ ಗೋಲಾಕಾರವಾದುದರಿಂದ ಅದರ ಮೇಲಿನ ಎರಡು ಬಿಂದುಗಳ ನಡುವಣ ಅತ್ಯಂತ ಹತ್ತಿರದ ದಾರಿಯೆಂಬುದು ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ಒಂದು ತುಣುಕು. ಆ ತುಣುಕಿನ ಉದ್ದವೇ ಯಂತ್ರ ಕೊಡುವ ದೂರ. ಪಾಲ್ಮಾಕ್ಕೂ ಇಬೀಜಾಕ್ಕೂ ನಡುವೆ ಹೀಗೆ ಎಣಿಸಿದ ಅಂತರ ಸುಮಾರು 140 ಕಿಲೋಮೀಟರು. ನಾವಿಕರೂ ವೈಮಾನಿಕರೂ ಇದನ್ನೇ 75 ನಾವಿಕ ಮೈಲಿಗಳೆಂದು ಹೇಳುತ್ತಾರೆ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ದೊರೆಯುವ ಒಂದು ಕಲೆಯ ಉದ್ದವೇ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರು. ನಮ್ಮವರಿಗೆ ಪರಿಚಿತವಾದ ರೀತಿಯಲ್ಲಿ ಹೇಳುವುದಾದರೆ, ಬೆಂಗಳೂರಿನಿಂದ ಮೈಸೂರಿಗೆ ರಸ್ತೆಯ ಮೇಲೆ ಎಷ್ಟು ದಾರಿಯೋ ಹೆಚ್ಚು ಕಡಮೆ ಅಷ್ಟೇ. ಆದರೆ ಆ ದಾರಿಯಲ್ಲಿ ರಾಮನಗರವಿಲ್ಲ, ಮಂಡ್ಯವಿಲ್ಲ, ಬಾಯಾರಿದಾಗ ಇಳಿಯಲು ಒಂದು ಮರದ ನೆರಳೂ ಇಲ್ಲ, ಇರುವುದೆಲ್ಲ ನೀರು.

ಈ ಎರಡು ನಿಲ್ದಾಣಗಳ ವಿಷಯದಲ್ಲಿ ಪ್ರಕೃತಿಯೇ ಏರ್ಪಡಿಸಿಟ್ಟಂತಹ ಒಂದು ಸೊಗಸಾದ ಹೊಂದಾಣಿಕೆಯುಂಟು. ವಿಮಾನ ಓಡುವ ಹಾದಿಗೆ, ಎಂದರೆ ರನ್‌ವೇಗೆ, ಅದು ಮುಖಮಾಡಿರುವ ದಿಕ್ಕಿನ ಸಂಖ್ಯೆಯನ್ನೇ ಹೆಸರಾಗಿಡುವುದು ಲೋಕದ ಪದ್ಧತಿ; ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದ ಡಿಗ್ರಿಗಳಲ್ಲಿ ಕೊನೆಯ ಸೊನ್ನೆಯನ್ನು ಬಿಟ್ಟು ಹೇಳುತ್ತಾರೆ. ಪಾಲ್ಮಾದ ಎರಡು ರನ್‌ವೇಗಳೂ ಇಬೀಜಾದ ಒಂದೇ ರನ್‌ವೇಯೂ 06 ಮತ್ತು 24 ಎಂಬ ಒಂದೇ ಹೆಸರಿನವು. ಅವುಗಳ ಒಂದು ತುದಿ ಈಶಾನ್ಯಕ್ಕೂ ಇನ್ನೊಂದು ತುದಿ ನೈಋತ್ಯಕ್ಕೂ ತಿರುಗಿದೆ. ಪಾಲ್ಮಾದಲ್ಲಿ ನಿಂತು ನೋಡಿದರೆ ಇಬೀಜಾ ಇರುವ ದಿಕ್ಕೂ 240 ಡಿಗ್ರಿಗೆ ತೀರ ಸಮೀಪವಾದುದು. ಬೇಸಗೆಯ ಮಧ್ಯಾಹ್ನ, ಮಯೋರ್ಕಾದ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ, ಅದರ ಸ್ಥಾನವನ್ನು ತುಂಬಲು ಪಾಲ್ಮಾದ ಕೊಲ್ಲಿಯಿಂದ ನೈಋತ್ಯದ ತಂಗಾಳಿ ಏಳುತ್ತದೆ. ಅಲ್ಲಿಯ ಜನ ಅದನ್ನು ಎಂಬಾತ್ ಎಂದು ಕರೆಯುತ್ತಾರೆ. ವಿಮಾನವು ಗಾಳಿಗೆ ಎದುರಾಗಿಯೇ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಆದುದರಿಂದ ಎಂಬಾತ್ ಬೀಸುವ ಹೊತ್ತಿನಲ್ಲಿ ಪಾಲ್ಮಾದಿಂದ ಹೊರಟ ವಿಮಾನದ ಮೂತಿ ನೆಲದ ಮೇಲಿರುವಾಗಲೇ ಇಬೀಜಾದ ಕಡೆಗಿರುತ್ತದೆ. ಅಲ್ಲಿಯೂ ಗಾಳಿ ಅದೇ ಕಡೆಯಿಂದ ಬೀಸುತ್ತಿದ್ದರೆ ಅದು ಹೆಚ್ಚು ತಿರುವುಗಳಿಲ್ಲದೆ ನೇರವಾಗಿ ಹೋಗಿ ಇಳಿಯಬಲ್ಲದು. ಗಾಳಿ ಈಶಾನ್ಯಕ್ಕೆ ತಿರುಗಿದ ದಿನವಾದರೋ, ಹೋಗಬೇಕಾದ ಊರಿಗೆ ಬೆನ್ನುಮಾಡಿ ಏರಿ, ಅರ್ಧವೃತ್ತವಾಗಿ ತಿರುಗಿ, ಇಬೀಜಾವನ್ನು ದಾಟಿ ಮುಂದೆ ಹೋಗಿ, ಮತ್ತೆ ಹಿಂದಿರುಗಿ ಇಳಿಯಬೇಕು. ನಕ್ಷೆಯ ಮೇಲಿನ 140 ಕಿಲೋಮೀಟರು ಎರಡು ದಿನವೂ ಒಂದೇ; ಆಕಾಶದಲ್ಲಿ ಹಾಯಬೇಕಾದ ದಾರಿ ಎರಡು ದಿನವೂ ಒಂದೇ ಅಲ್ಲ.

ಇನ್ನು ಕಾಲದ ವಿಚಾರ. ದ್ವೀಪಗಳ ನಡುವೆ ಬಹುಕಾಲದಿಂದ ಓಡಾಡುತ್ತಿರುವುದು ಎಟಿಆರ್-72 ಎಂಬ, ರೆಕ್ಕೆಗೊಂದರಂತೆ ಎರಡು ಪಂಖಗಳುಳ್ಳ, ಸುಮಾರು 70 ಆಸನಗಳ ವಿಮಾನ. ಅದರ ಪೂರ್ಣವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಆ ವೇಗದಿಂದ 140ನ್ನು ಭಾಗಿಸಿದರೆ ಬರುವ ಉತ್ತರ 17 ನಿಮಿಷಕ್ಕಿಂತ ಹೆಚ್ಚಿಲ್ಲ. ಆದರೆ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಗೊತ್ತುಮಾಡಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಗಣಿತ ಇಲ್ಲಿ ತಪ್ಪಿಲ್ಲ. ಏರುವಾಗಲೂ ಇಳಿಯುವಾಗಲೂ ವಿಮಾನಕ್ಕೆ ಪೂರ್ಣವೇಗ ದೊರೆಯದು, ಇಷ್ಟು ಚಿಕ್ಕ ದಾರಿಯಲ್ಲಿ ಏರಿಕೆ ಮುಗಿಯಿತೆನ್ನುವಷ್ಟರಲ್ಲಿ ಇಳಿಕೆ ಆರಂಭವಾಗುತ್ತದೆ, ಪಾಲ್ಮಾದ ವಿಸ್ತಾರವಾದ ಅಂಗಳದಲ್ಲಿ ರನ್‌ವೇಯವರೆಗೆ ಉರುಳಿಕೊಂಡು ಹೋಗುವುದಕ್ಕೂ ಅಲ್ಲಿ ಸರದಿಗೆ ಕಾಯುವುದಕ್ಕೂ ಹೊತ್ತು ಬೇಕು. ಗಾಲಿಗಳಿಗೆ ಕೊಟ್ಟಿದ್ದ ಅಡ್ಡೆಯನ್ನು ತೆಗೆದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಅಡ್ಡೆ ಕೊಡುವ ಕ್ಷಣದವರೆಗಿನ ಕಾಲವನ್ನೇ ವೇಳಾಪಟ್ಟಿ ಎಣಿಸುತ್ತದೆ. ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಮೊದಲು ಬಲಗಡೆ ಟ್ರಾಮುಂಟಾನಾ ಬೆಟ್ಟಸಾಲಿನ ನೀಲಿ ಗೆರೆ, ಆಮೇಲೆ ಬರಿಯ ನೀರು, ಅನಂತರ ಇಬೀಜಾದ ದಕ್ಷಿಣದ ತುದಿಯಲ್ಲಿ, ಫಿನೀಷಿಯನರ ಕಾಲದಿಂದಲೂ ಉಪ್ಪು ಬೆಳೆಯುತ್ತ ಬಂದಿರುವ ಗದ್ದೆಗಳ ಕನ್ನಡಿಯಂತಹ ಚೌಕಗಳು. ಇಷ್ಟರೊಳಗೆ ಪ್ರಯಾಣ ಮುಗಿದಿರುತ್ತದೆ.

ಆದರೆ ಯಾವ ಮನುಷ್ಯನೂ ರನ್‌ವೇಯಿಂದ ರನ್‌ವೇಗೆ ಪ್ರಯಾಣ ಮಾಡುವುದಿಲ್ಲ. ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ತಪಾಸಣೆಗೂ ಕಾಯುವುದಕ್ಕೂ ಒಂದು ಗಂಟೆ, ವಿಮಾನದಲ್ಲಿ ಮುಕ್ಕಾಲು ಗಂಟೆ, ಇಳಿದ ಮೇಲೆ ಊರನ್ನು ಸೇರಲು ಮತ್ತೆ ಅರ್ಧ ಗಂಟೆ ಎಂದು ಮಿತವಾಗಿ ಲೆಕ್ಕಹಾಕಿದರೂ ಎರಡು ಮುಕ್ಕಾಲು ಗಂಟೆಯಾಯಿತು. ಆಕಾಶದಲ್ಲಿ ಗಂಟೆಗೆ 500 ಕಿಲೋಮೀಟರಿನ ವೇಗವುಳ್ಳ ವಾಹನ, ಬಾಗಿಲಿನಿಂದ ಬಾಗಿಲಿಗೆ ಎಣಿಸಿದಾಗ ಗಂಟೆಗೆ 50 ಕಿಲೋಮೀಟರಿಗೆ ಇಳಿಯಿತು. ಇದೇ ಅಂತರವನ್ನು ವೇಗದ ಹಡಗು ಎರಡರಿಂದ ಎರಡೂವರೆ ಗಂಟೆಗಳಲ್ಲಿಯೂ ಸಾಧಾರಣ ಹಡಗು ಸುಮಾರು ನಾಲ್ಕು ಗಂಟೆಗಳಲ್ಲಿಯೂ ಕ್ರಮಿಸುತ್ತದೆ. ಹಾಗಾದರೆ ವಿಮಾನದ ಪ್ರಯೋಜನವೇನೆಂದು ಕೇಳಬಹುದು. ಆ ಪ್ರಯೋಜನ ನಿಮಿಷಗಳ ಉಳಿತಾಯದಲ್ಲಿ ಕಾಣದು. ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಅದು ಇರುತ್ತದೆ, ಸಮುದ್ರ ಪ್ರಕ್ಷುಬ್ಧವಾಗಿ ಹಡಗು ಬಂದರನ್ನು ಬಿಡಲಾರದ ಎಷ್ಟೋ ದಿನಗಳಲ್ಲಿ ಕೂಡ ಇರುತ್ತದೆ. ಇದ್ದೇ ಇರುತ್ತದೆಂಬ ಆ ಭರವಸೆಯೇ ಅದರ ನಿಜವಾದ ಪ್ರಯೋಜನ.

ಈ ಭರವಸೆಯ ಬೆಲೆ ತಿಳಿಯಬೇಕಾದರೆ ಪ್ರಯಾಣಿಕರು ಯಾರೆಂಬುದನ್ನು ನೋಡಬೇಕು. ಬಾಲೆಯಾರಿಕ್ ದ್ವೀಪಗಳಿಗೆಲ್ಲ ಉನ್ನತ ಚಿಕಿತ್ಸೆಯ ಕೇಂದ್ರವಾದ ಸೊನ್ ಎಸ್ಪಾಸೆಸ್ ಆಸ್ಪತ್ರೆ ಇರುವುದು ಪಾಲ್ಮಾದಲ್ಲಿ. ವಿಶ್ವವಿದ್ಯಾನಿಲಯದ ಮುಖ್ಯ ಆವರಣ ಪಾಲ್ಮಾದಲ್ಲಿ. ಶಾಸನಸಭೆಯೂ ಸರ್ಕಾರದ ದೊಡ್ಡ ಕಚೇರಿಗಳೂ ಪಾಲ್ಮಾದಲ್ಲಿ. ಇಬೀಜಾದ ರೋಗಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ: ಅಲ್ಲಿಯ ಆಸ್ಪತ್ರೆಯಲ್ಲಿ ದೊರೆಯದ ಪರೀಕ್ಷೆಗೆ ಅವನು ಹನ್ನೊಂದು ಗಂಟೆಗೆ ಪಾಲ್ಮಾದ ವೈದ್ಯರ ಮುಂದೆ ಇರಬೇಕಾಗಿದೆ, ಜೊತೆಯಲ್ಲಿ ಬರುವ ಮಗಳು ಒಂದು ದಿನದ ರಜೆ ಹಾಕಿದ್ದಾಳೆ, ಮನೆಯಲ್ಲಿ ಶಾಲೆಯಿಂದ ಬರುವ ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದಾಳೆ. ಬೆಳಗಿನ ವಿಮಾನವೂ ಸಂಜೆಯ ವಿಮಾನವೂ ಎರಡೂ ಇದ್ದಲ್ಲಿ ಇದು ಒಂದು ಹಗಲಿನ ಕೆಲಸ. ಎರಡರಲ್ಲಿ ಒಂದು ಇಲ್ಲವಾದಲ್ಲಿ ಅದೇ ಕೆಲಸ ಎರಡು ಹಗಲು ಒಂದು ರಾತ್ರಿಯದಾಗುತ್ತದೆ. ಹೋಟೆಲಿನ ಬಾಡಿಗೆ, ಎರಡನೆಯ ದಿನದ ರಜೆ, ನೆರೆಯವರ ಮೇಲಣ ಹೊರೆ ಎಲ್ಲವೂ ಅದಕ್ಕೆ ಸೇರುತ್ತವೆ. ಹಾರಾಟದ ಕಾಲ ಮಾತ್ರ ಎರಡು ಸಂದರ್ಭಗಳಲ್ಲಿಯೂ ಮುಕ್ಕಾಲು ಗಂಟೆಯೇ.

ಈ ಸತ್ಯವನ್ನು ಯೂರೋಪಿನ ಶಾಸನಕರ್ತರು ಗ್ರಹಿಸಿರುವುದು ಪ್ರಶಂಸೆಗೆ ಅರ್ಹವಾದ ವಿಷಯ. ಯೂರೋಪಿಯನ್ ಒಕ್ಕೂಟದಲ್ಲಿ ವಿಮಾನ ಸಂಚಾರ ಮುಕ್ತಸ್ಪರ್ಧೆಗೆ ಬಿಟ್ಟ ಉದ್ಯಮ. ಯಾವ ಸಂಸ್ಥೆ ಎಲ್ಲಿಗೆ ಎಷ್ಟು ಬಾರಿ ಹಾರಬೇಕೆಂಬುದು ಅದರ ಲಾಭನಷ್ಟಗಳಿಗೆ ಸೇರಿದ ಮಾತು. ಆದರೂ 2008ರ 1008ನೆಯ ನಿಯಮದಲ್ಲಿ ಸಾರ್ವಜನಿಕ ಸೇವೆಯ ಹೊಣೆ ಎಂಬ ಒಂದು ಅಪವಾದಕ್ಕೆ ಎಡೆಕೊಡಲಾಗಿದೆ: ಪ್ರದೇಶವೊಂದರ ಆರ್ಥಿಕ ಮತ್ತು ಸಾಮಾಜಿಕ ಜೀವನಕ್ಕೆ ಅತ್ಯಾವಶ್ಯಕವಾದ ಮಾರ್ಗದಲ್ಲಿ ದಿನಕ್ಕೆ ಕನಿಷ್ಠ ಎಷ್ಟು ಸಂಚಾರಗಳಿರಬೇಕು, ಯಾವ ಹೊತ್ತಿನಲ್ಲಿರಬೇಕು, ದರ ಎಷ್ಟನ್ನು ಮೀರಕೂಡದು ಎಂಬುದನ್ನು ಸರ್ಕಾರ ಕಟ್ಟುಮಾಡಬಹುದು, ಆ ಷರತ್ತಿಗೆ ಯಾರೂ ಮುಂದೆ ಬಾರದಿದ್ದಲ್ಲಿ ಬಹಿರಂಗ ಟೆಂಡರು ಕರೆದು ಒಬ್ಬರಿಗೆ ಆ ಮಾರ್ಗವನ್ನೊಪ್ಪಿಸಿ ನಷ್ಟವನ್ನು ತುಂಬಿಕೊಡಬಹುದು. ಬಾಲೆಯಾರಿಕ್ ದ್ವೀಪಗಳ ನಡುವಣ ಮಾರ್ಗಗಳು ಈ ಹೊಣೆಗೊಳಪಟ್ಟವು. ಇದಲ್ಲದೆ ಸ್ಪೇನ್ ಸರ್ಕಾರ ದ್ವೀಪದ ನಿವಾಸಿಗಳಿಗೆ ವಿಮಾನದರದಲ್ಲಿ ರಿಯಾಯಿತಿಯನ್ನೂ ಕೊಡುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಾರುವವರಿಗೆ 50 ಪ್ರತಿಶತವಿದ್ದ ಆ ರಿಯಾಯಿತಿ 2017ರಲ್ಲಿ 75 ಪ್ರತಿಶತಕ್ಕೇರಿತು. ಮರುವರ್ಷ ಮುಖ್ಯಭೂಮಿಯ ಪ್ರಯಾಣಕ್ಕೂ ಅದು ವಿಸ್ತರಿಸಿತು. ನೆಲದ ಮೇಲೆ ರಸ್ತೆಯನ್ನು ಹೇಗೋ ಹಾಗೆಯೇ ನೀರಿನ ಮೇಲಣ ಈ ಹಾದಿಯನ್ನೂ ಸರ್ಕಾರ ತನ್ನ ಕರ್ತವ್ಯವೆಂದು ಒಪ್ಪಿಕೊಂಡಿತೆಂಬುದೇ ಇದರ ತಾತ್ಪರ್ಯ.

ಈಗ ಇದೇ ಸಮುದ್ರದ ಇನ್ನೊಂದು ಕೊನೆಗೆ ಹೋಗೋಣ. ಗ್ರೀಸ್ ದೇಶದ ರೋಡ್ಸ್ ದ್ವೀಪದ ವಿಮಾನನಿಲ್ದಾಣದಿಂದ ಅದರ ಪೂರ್ವಕ್ಕಿರುವ ಕಾಸ್ಟೆಲೊರಿಜೊ ದ್ವೀಪದ ನಿಲ್ದಾಣಕ್ಕಿರುವ ಅಂತರವನ್ನು ಎಣಿಸಿದರೆ ಸುಮಾರು 137 ಕಿಲೋಮೀಟರು ಎಂಬ ಉತ್ತರ ಬರುತ್ತದೆ. ಪಾಲ್ಮಾದಿಂದ ಇಬೀಜಾಕ್ಕಿರುವ ದೂರಕ್ಕೂ ಇದಕ್ಕೂ ವ್ಯತ್ಯಾಸ ಮೂರೇ ಕಿಲೋಮೀಟರು. ಆದರೆ ಕಾಸ್ಟೆಲೊರಿಜೊದಲ್ಲಿ ಇರುವ ಜನ ಐನೂರರಷ್ಟು. ತುರ್ಕಿಯ ಕಾಶ್ ಪಟ್ಟಣದ ಕಡೆಯ ಕರಾವಳಿ ಅಲ್ಲಿಗೆ ಎರಡೇ ಕಿಲೋಮೀಟರಿನಷ್ಟು ಸಮೀಪವಿದ್ದರೆ, ಅವರ ಸ್ವಂತ ದೇಶದ ದೊಡ್ಡ ಊರಾದ ರೋಡ್ಸ್ ಹಡಗಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. 1986ರಲ್ಲಿ ತೆರೆದ ಅಲ್ಲಿಯ ನಿಲ್ದಾಣದ ರನ್‌ವೇ ಸುಮಾರು 800 ಮೀಟರು ಮಾತ್ರ ಉದ್ದವಿರುವುದರಿಂದ ದೊಡ್ಡ ವಿಮಾನಗಳು ಅಲ್ಲಿ ಇಳಿಯಲಾರವು. ಪಂಖಗಳುಳ್ಳ ಚಿಕ್ಕ ವಿಮಾನಗಳೇ ಬರಬೇಕು. ಅವೂ ಸರ್ಕಾರದ ಸಹಾಯಧನದ ಬಲದಿಂದ ಬರತಕ್ಕವು.

ಯಂತ್ರವನ್ನು ಕೇಳಿದರೆ ಈ ಎರಡು ಜೋಡಿಗಳೂ ಒಂದೇ: ದೂರ ಒಂದೇ, ಹಾರಾಟದ ಕಾಲವೂ ಹೆಚ್ಚು ಕಡಮೆ ಒಂದೇ. ಆದರೆ ಪಾಲ್ಮಾ-ಇಬೀಜಾ ಮಾರ್ಗದಲ್ಲಿ ಒಂದು ವಿಮಾನ ತಪ್ಪಿದವನು ಅದೇ ದಿನ ಇನ್ನೊಂದಕ್ಕೆ ಕಾಯಬಹುದು. ಸಂಚಾರವೇ ವಿರಳವಾದ ಮಾರ್ಗದಲ್ಲಿ ಒಂದು ವಿಮಾನ ತಪ್ಪಿತೆಂದರೆ, ಇಲ್ಲವೆ ಗಾಳಿಯ ಅಬ್ಬರದಿಂದ ಅದು ರದ್ದಾಯಿತೆಂದರೆ, ಮುಂದಿನ ಸಂಚಾರದ ದಿನದವರೆಗೆ ಅವನಿಗೆ ಬಿಡುಗಡೆಯಿಲ್ಲ. ಕಾಯುವ ಕಾಲವೂ ಪ್ರಯಾಣದ ಕಾಲವೇ ಅಲ್ಲವೆ? ದಿನಕ್ಕೆ ಹಲವು ವಿಮಾನಗಳುಳ್ಳ 140 ಕಿಲೋಮೀಟರಿಗಿಂತ ವಿರಳವಾಗಿ ವಿಮಾನ ಬರುವ 137 ಕಿಲೋಮೀಟರು ಎಷ್ಟೋ ಪಾಲು ದೀರ್ಘವಾದುದೆಂಬುದನ್ನು ದ್ವೀಪದಲ್ಲಿ ಮಗುವಿಗೆ ಜ್ವರ ಬಂದ ರಾತ್ರಿ ಎಚ್ಚರವಾಗಿ ಕುಳಿತ ತಾಯಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ದೂರವನ್ನು ಹಿಗ್ಗಿಸುವ ಶಕ್ತಿ ರಾಜಕಾರಣಕ್ಕೂ ಉಂಟು. ಸೈಪ್ರಸ್ ದ್ವೀಪ 1974ರಲ್ಲಿ ಇಬ್ಭಾಗವಾದಾಗ ರಾಜಧಾನಿಯಾದ ನಿಕೊಸಿಯಾದ ವಿಮಾನನಿಲ್ದಾಣ ವಿಶ್ವಸಂಸ್ಥೆಯ ಕಾವಲಿನ ನಡುವಲಯದಲ್ಲಿ ಸಿಕ್ಕಿ ಮುಚ್ಚಿಹೋಯಿತು, ಇಂದಿಗೂ ತೆರೆದಿಲ್ಲ. ಮರುವರ್ಷ ದಕ್ಷಿಣದಲ್ಲಿ ಲಾರ್ನಕಾ ನಿಲ್ದಾಣ ಕೆಲಸಕ್ಕೆ ತೊಡಗಿತು. ಉತ್ತರಕ್ಕೆ ಎರ್ಜಾನ್ ನಿಲ್ದಾಣವಿದೆ. ಇವೆರಡರ ನಡುವೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಮಿಕ್ಕ ಅಂತರ. ಆದರೆ ತುರ್ಕಿಯೊಂದನ್ನು ಬಿಟ್ಟು ಬೇರೆ ಯಾವ ರಾಷ್ಟ್ರವೂ ಉತ್ತರದ ಆಡಳಿತವನ್ನು ಮಾನ್ಯಮಾಡದಿರುವುದರಿಂದ, ಎರ್ಜಾನಿನಿಂದ ಹೊರಟವನು ಎಲ್ಲಿಗೇ ಹೋಗಬೇಕಾದರೂ ಮೊದಲು ತುರ್ಕಿಯ ನೆಲವನ್ನು ಮುಟ್ಟಬೇಕು. ಲಾರ್ನಕಾದಿಂದ ಕ್ರೀಟ್ ದ್ವೀಪದ ಹೆರಾಕ್ಲಿಯನ್ನಿಗೆ ಸುಮಾರು 770 ಕಿಲೋಮೀಟರು. ನೇರ ವಿಮಾನವಿದ್ದರೆ ಒಂದೂವರೆ ಗಂಟೆಯ ದಾರಿ. ಎರ್ಜಾನಿನಿಂದಲೂ ನಕ್ಷೆಯ ಮೇಲೆ ಹೆಚ್ಚು ಕಡಮೆ ಅಷ್ಟೇ. ಪ್ರಯಾಣಿಕನಿಗಾದರೋ ಅದು ಉತ್ತರಕ್ಕೆ ಸುತ್ತಿ, ವಿಮಾನದಿಂದ ವಿಮಾನಕ್ಕೆ ಬದಲಾಯಿಸಿ ಸವೆಸಬೇಕಾದ ಒಂದಿಡೀ ದಿನದ ದಾರಿ. ಒಂದೇ ನೆಲದ ಮೇಲೆ, ಒಂದೇ ಬಿಸಿಲಿನಲ್ಲಿ, ಎರಡು ಬಗೆಯ ದೂರಗಳು!

ಇಂತಹ ಮಾರ್ಗಗಳಿಗೆ ಸಾರ್ವಜನಿಕ ಧನವನ್ನು ವಿನಿಯೋಗಿಸುವುದನ್ನು ಆಕ್ಷೇಪಿಸುವವರುಂಟು. ಅವರ ಮಾತನ್ನು ಕಡೆಗಣಿಸಲಾಗದು. ಪ್ರತಿಶತದ ಲೆಕ್ಕದಲ್ಲಿ ರಿಯಾಯಿತಿ ಕೊಟ್ಟರೆ ಪ್ರಯಾಣಿಕನಿಗೆ ದರದ ಬಿಸಿ ತಟ್ಟುವುದಿಲ್ಲವಾದುದರಿಂದ ಸಂಸ್ಥೆಗಳು ಮೂಲದರವನ್ನೇ ಏರಿಸಲು ಅವಕಾಶವಾಗುತ್ತದೆ. ರಿಯಾಯಿತಿಯಿಲ್ಲದ ಪರಸ್ಥಳದವನು ಆ ಏರಿಕೆಯನ್ನು ಹೊರಬೇಕಾಗುತ್ತದೆ ಎಂಬುದು ಒಂದು ಆಕ್ಷೇಪ. ವಿಮಾನ ಅತಿಹೆಚ್ಚು ಇಂಧನವನ್ನು ಸುಡುವುದು ಮೇಲೇರುವಾಗಲಾದುದರಿಂದ ಚಿಕ್ಕ ಹಾರಾಟಗಳಲ್ಲಿ ಕಿಲೋಮೀಟರೊಂದಕ್ಕೆ ಬೀಳುವ ಹೊಗೆಯ ಪಾಲು ಹೆಚ್ಚು. ಇದೇ ಕಾರಣದಿಂದ ಫ್ರಾನ್ಸ್ ದೇಶ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲಪಬಹುದಾದ ಊರುಗಳ ನಡುವಣ ಹಾರಾಟಗಳನ್ನು 2023ರಲ್ಲಿ ನಿಷೇಧಿಸಿತು ಎಂಬುದು ಇನ್ನೊಂದು.

ಮೊದಲನೆಯ ಆಕ್ಷೇಪದಲ್ಲಿ ಹುರುಳಿದೆ; ಅದಕ್ಕೆ ಪರಿಹಾರ ನೆರವನ್ನು ಕೈಬಿಡುವುದರಲ್ಲಿಲ್ಲ, ರಿಯಾಯಿತಿಯೊಡನೆ ಗರಿಷ್ಠ ದರದ ಕಟ್ಟನ್ನೂ ತಪ್ಪದೆ ಜಾರಿಗೆ ತರುವುದರಲ್ಲಿದೆ. ಎರಡನೆಯದಕ್ಕೆ ಉತ್ತರ ಫ್ರಾನ್ಸಿನ ಆ ಶಾಸನದಲ್ಲಿಯೇ ಇದೆ: ರೈಲು ಇರುವೆಡೆಯಲ್ಲಿ ವಿಮಾನ ಬೇಡವೆಂದು ಅದು ಹೇಳಿತು; ಸಮುದ್ರದ ಮೇಲೆ ಕಂಬಿ ಹಾಸಲಾಗದು. ಪಂಖಗಳುಳ್ಳ ವಿಮಾನ ಇಂತಹ ಚಿಕ್ಕ ದಾರಿಯಲ್ಲಿ ಜೆಟ್ ವಿಮಾನಕ್ಕಿಂತ ಮಿತವಾಗಿ ಇಂಧನ ಬಳಸುವುದೆಂಬುದನ್ನೂ ಇಲ್ಲಿ ನೆನೆಯಬೇಕು. ವಿಹಾರಕ್ಕೆಂದು ಬೇಸಗೆಯಲ್ಲಿ ಬರುವ ಲಕ್ಷಾಂತರ ಜನರ ಹಾರಾಟಗಳನ್ನು ಲಾಭದಾಯಕವೆಂದು ಬಿಟ್ಟುಕೊಟ್ಟು, ಪರೀಕ್ಷೆಗೆಂದು ಹೋಗುವ ರೋಗಿಯ, ಪಾಠಕ್ಕೆಂದು ಹೋಗುವ ವಿದ್ಯಾರ್ಥಿಯ ಹಾರಾಟವನ್ನು ದುಂದೆಂದು ಕತ್ತರಿಸುವುದು ನ್ಯಾಯದ ತಕ್ಕಡಿಗೆ ಒಗ್ಗುವ ಮಾತಲ್ಲ. ಮಿತವ್ಯಯ ಎಲ್ಲಿಯಾದರೂ ಆರಂಭವಾಗಬೇಕಾದರೆ ಬೇರೆ ದಾರಿಯುಳ್ಳವರಿಂದ ಆರಂಭವಾಗಲಿ. ಬೇರೆ ದಾರಿಯಿಲ್ಲದವರಿಂದ ಬೇಡ.

ಆದುದರಿಂದ ನನ್ನ ನಿವೇದನೆಯಿಷ್ಟು. ಕಿಲೋಮೀಟರು ಮತ್ತು ನಿಮಿಷಗಳನ್ನು ಎಣಿಸುವ ಯಂತ್ರಗಳು ತಮ್ಮ ಕೆಲಸವನ್ನು ಮಾಡಲಿ. ವೈಮಾನಿಕನಿಗೆ ಅವು ಬೇಕು. ಆದರೆ ದ್ವೀಪವಾಸಿಗಳ ಸಾರಿಗೆಯನ್ನು ಕುರಿತು ತೀರ್ಮಾನ ಕೈಗೊಳ್ಳುವ ಅಧಿಕಾರಿಗಳೂ ಅದನ್ನು ವರದಿಮಾಡುವ ಪತ್ರಿಕೆಗಳೂ ಆ ಎರಡು ಸಂಖ್ಯೆಗಳ ಪಕ್ಕದಲ್ಲಿ ಇನ್ನು ಮೂರನ್ನು ಬರೆಯಲಿ: ಮೊದಲ ವಿಮಾನ ಎಷ್ಟು ಹೊತ್ತಿಗೆ, ಕೊನೆಯ ವಿಮಾನ ಎಷ್ಟು ಹೊತ್ತಿಗೆ, ಮತ್ತು ಮಾಗಿಯ ವಾರವೊಂದರಲ್ಲಿ ಎಷ್ಟು ದಿನ. ಈ ಮೂರು ತಿಳಿದರೆ ಅಲ್ಲಿ ವಾಸಮಾಡುವವನ ಬದುಕು ತಿಳಿಯುತ್ತದೆ. ಇವು ತಿಳಿಯದೆ ಉಳಿದುದನ್ನೆಲ್ಲ ತಿಳಿದರೂ ಪ್ರಯೋಜನ ಸ್ವಲ್ಪವೇ. ಪಾಲ್ಮಾದಿಂದ ಇಬೀಜಾಕ್ಕೆ 140 ಕಿಲೋಮೀಟರು, ರೋಡ್ಸಿನಿಂದ ಕಾಸ್ಟೆಲೊರಿಜೊಕ್ಕೆ 137. ಬೆಳಗಿನಲ್ಲಿ ಹೊರಟವನು ತನ್ನ ಕೆಲಸ ಮುಗಿಸಿ ಅದೇ ರಾತ್ರಿ ತನ್ನ ಮನೆಯಲ್ಲಿ ಮಲಗಬಲ್ಲನಾದರೆ ಆ ಎರಡು ದ್ವೀಪಗಳು ಹತ್ತಿರ, ಮಲಗಲಾರನಾದರೆ ದೂರ.